ತುಟಿ ಕೂಡಿತು, ಮಾತು ಕೂಡಲಿಲ್ಲ

ಗ್ರಹಣ ಹಿಡಿಯುವ ದಿನ ಹಳ್ಳಿಖೇಡ (ಬಿ) ಪೇಟೆಯಲ್ಲಾಗಲಿ, ಹುಮನಾಬಾದ, ಬಸವಕಲ್ಯಾಣದ ಓಣಿಗಳಲ್ಲಾಗಲಿ ಬಸುರಿ ಹೆಂಗಸರಿಗೆ ಮನೆಯೇ ಜೈಲು. ಈಳಿಗಿ ಮುಟ್ಟಬಾರದು, ಕತ್ತರಿ ಹಿಡಿಯಬಾರದು, ಸೂಜಿಗೆ ದಾರ ಪೋಣಿಸಬಾರದು, ಬಾಗಿಲ ಸಂದಿಯಿಂದ ಸಹ ಹೊರಗೆ ಇಣುಕಬಾರದು. ಇದರಲ್ಲಿ ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದವಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಒಂದು ಹೊತ್ತಿನ ವಿಶ್ರಾಂತಿ ಸಿಕ್ಕಿತೆಂದು ಆ ಹೆಣ್ಣುಮಕ್ಕಳೇ ಸಮಾಧಾನಪಟ್ಟುಕೊಂಡಾರು. ಆದರೆ ಮುಂದೆ ಹುಟ್ಟಿದ ಕೂಸಿಗೆ ತುಟಿ ಸೀಳಿದ್ದರೆ ಮನೆಯಲ್ಲಿ ಪಂಚಾಯ್ತಿ ಶುರುವಾಗುತ್ತದೆ. "ಗ್ರಾಣದಾಗ ಏನ ಹೆಚ್ಚಿದಿ? ಖರೇ ಹೇಳು!" ಎಂದು ಅತ್ತೆ ಕೇಳುತ್ತಾಳೆ. ಬಾಣಂತಿ ನೆನಪು ಮಾಡಿಕೊಂಡು ಅಳುತ್ತಾಳೆ. ಎಂದೋ ಒಂದು ಉಳ್ಳಾಗಡ್ಡಿ ಹೆಚ್ಚಿದ್ದು ನೆನಪಾಗಿಯೇ ಆಗುತ್ತದೆ. ಅಲ್ಲಿಗೆ ತೀರ್ಪು ಮುಗಿಯಿತು. ತಪ್ಪು ತಾಯಿಯದು!

ಇದೆಲ್ಲ ಅಜ್ಜಿಯರ ಕಾಲದ ಮಾತು, ಈಗ ಯಾರು ನಂಬುತ್ತಾರೆ ಎನ್ನುವವರಿಗೆ 2019ರ ಡಿಸೆಂಬರ್ 26 ನೆನಪಿರಬೇಕು. ಅಂದು ಸೂರ್ಯಗ್ರಹಣ. ಕಲಬುರಗಿ ಮಗ್ಗುಲಿನ ತಾಜಸುಲ್ತಾನಪುರದಲ್ಲಿ, ಅಂಗವಿಕಲ ಮಕ್ಕಳನ್ನು ಗ್ರಹಣ ಬಿಡುವತನಕ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರೆ ಕೈಕಾಲು ಬರುತ್ತವೆಂದು ಹೆತ್ತವರೇ ಗುಂಡಿ ತೋಡಿ ಇಳಿಸಿದ್ದರು. ವಿಜಯಪುರ ಜಿಲ್ಲೆಯಿಂದಲೂ ಅಂಥದೇ ವರದಿ ಬಂದಿತ್ತು. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ತಾಜಸುಲ್ತಾನಪುರವೇನು ದೂರದ ಊರಲ್ಲ. 2017ರಲ್ಲಿ ಶುರುವಾದ ಬೀದರ-ಕಲಬುರಗಿ ರೈಲು ಮಾರ್ಗದಲ್ಲೇ ಇದೆ. ಆ ತಾಯ್ತಂದೆಯರನ್ನು ಕಟುಕರೆಂದು ಬೈದವರು ಬಹಳ. ಕಟುಕರಾಗಿದ್ದರೆ ಬಿಸಿಲಿನಲ್ಲಿ ಮಕ್ಕಳ ಪಕ್ಕ ಕೂತು ಕಾಯುತ್ತಿದ್ದರೇ? ಎಲ್ಲಿಗೆ ಹೋಗಬೇಕೆಂದು ಯಾರೂ ಸರಿಯಾಗಿ ಹೇಳದಿದ್ದಾಗ ಮನುಷ್ಯ ಗುಂಡಿಯನ್ನಾದರೂ ತೋಡುತ್ತಾನೆ.

ಸೀಳುತುಟಿಯ ಮಟ್ಟಿಗಂತೂ ಎಲ್ಲಿಗೆ ಹೋಗಬೇಕೆಂಬುದಕ್ಕೆ ಇಂದು ಖಚಿತ ಉತ್ತರವಿದೆ. ಗ್ರಹಣದ ಲೆಕ್ಕ ಸುಳ್ಳೆಂಬುದಕ್ಕೂ ಖಚಿತ ಉತ್ತರವಿದೆ. ಹೊಟ್ಟೆಯೊಳಗಿನ ಕೂಸಿನ ಮುಖ ಎರಡೂ ಮಗ್ಗುಲಿನಿಂದ ಬೆಳೆದು ಬಂದು ನಡುವೆ ಕೂಡಿಕೊಳ್ಳುತ್ತದೆ. ಗರ್ಭ ನಿಂತ ಏಳನೇ ವಾರದ ಹೊತ್ತಿಗೆ ತುಟಿ ಕೂಡಿ ಆಗಿರುತ್ತದೆ. ಹನ್ನೆರಡನೇ ವಾರದ ಹೊತ್ತಿಗೆ ಅಂಗುಳ, ಅಂದರೆ ಬಾಯಿಯ ಒಳಮಾಳಿಗೆ ಕೂಡಿ ಆಗಿರುತ್ತದೆ. ಕೂಡದಿದ್ದರೆ ಆಗಲೇ ಸೀಳು ಉಳಿಯಿತು. ತಿಂಗಳು ತಪ್ಪಿದ್ದು ಖಾತ್ರಿಯಾಗುವ ಮುಂಚೆಯೇ ತುಟಿಯ ಕೆಲಸ ಅರ್ಧಕ್ಕರ್ಧ ನಡೆದಿರುತ್ತದೆ. ಹಾಗಿರುವಾಗ ಏಳು ತಿಂಗಳ ಬಸುರಿ ಗ್ರಹಣದ ದಿನ ಬದನೆಕಾಯಿ ಹೆಚ್ಚಿದರೆ, ಎಂದೋ ಕೂಡಿದ ತುಟಿ ಮತ್ತೆ ಸೀಳುವುದು ಹ್ಯಾಗೆ? ಅಂದಹಾಗೆ ದೂರದ ಮೆಕ್ಸಿಕೋ ದೇಶದಲ್ಲೂ ಗ್ರಹಣದಿಂದಲೇ ತುಟಿ ಸೀಳುತ್ತದೆಂಬ ನಂಬಿಕೆ ಹಳೆಯದು. ಆದರೆ ಅಲ್ಲಿ ಬಸುರಿಯರು ಕೀಲಿಕೈಯೋ ಪಿನ್ನೋ, ಏನಾದರೊಂದು ಲೋಹವನ್ನು ಹೊಟ್ಟೆಯ ಹತ್ತಿರ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಕಬ್ಬಿಣ ಕಾಯುತ್ತದೆ, ಇಲ್ಲಿ ಕಬ್ಬಿಣ ಸೀಳುತ್ತದೆ. ಚಂದ್ರ ಮಾತ್ರ ಎರಡೂ ಕಡೆಗೆ ಒಬ್ಬನೇ.

ನಿಜವಾದ ಕಾರಣ ಒಂದೇ ಅಲ್ಲ. ವಂಶದಿಂದ ಬಂದದ್ದು ಕೊಂಚ, ಬಸುರಿಯ ಆಹಾರದಲ್ಲಿ ಫೋಲಿಕ್ ಆಮ್ಲದಂಥ ಸತ್ವ ಕಡಿಮೆ ಬಿದ್ದದ್ದು ಕೊಂಚ, ಬೀಡಿ ಸಿಗರೇಟಿನ ಹೊಗೆ, ಮೂರ್ಛೆರೋಗಕ್ಕೆ ಕೊಡುವ ಕೆಲವು ಗುಳಿಗೆ, ಹೀಗೆ ಹಲವು ಸೇರಿ ಆಗುವಂಥದು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಸೋದರಮಾವನಿಗೆ ಹೆಣ್ಣು ಕೊಡುವ ಸೀಮೆಯಲ್ಲಿ ಇದನ್ನು ಹೇಳಿದರೆ ಕೇಳುವವರು ಕಡಿಮೆ, ಆದರೂ ಹೇಳಲೇಬೇಕು. ಬಹಳಷ್ಟು ಸಲ ಇದಾವುದೂ ಇಲ್ಲದ ಮನೆಯಲ್ಲೂ ಇಂಥ ಕೂಸು ಹುಟ್ಟುತ್ತದೆ. ಅದು ಯಾರ ತಪ್ಪೂ ಅಲ್ಲ.

ಎಷ್ಟು ಮಕ್ಕಳು? ಜಗತ್ತಿನಲ್ಲಿ ಸರಾಸರಿ 700 ಹೆರಿಗೆಗೆ ಒಂದು ಎಂಬುದು ಎಲ್ಲರೂ ಒಪ್ಪುವ ಅಂದಾಜು. ಅಂಗಡಿ ಲೆಕ್ಕವನ್ನೇ ಹಾಕೋಣ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ 17 ಲಕ್ಷ 3 ಸಾವಿರ. ಸಾವಿರ ಜನಕ್ಕೆ ವರ್ಷಕ್ಕೆ 17 ಹೆರಿಗೆ ಎಂದು ಹಿಡಿದರೂ 29 ಸಾವಿರದ ಹತ್ತಿರ. ಅದನ್ನು 700ರಿಂದ ಭಾಗಿಸಿದರೆ ವರ್ಷಕ್ಕೆ ನಲವತ್ತು ಕೂಸು. ಒಂದು ಬಸ್ಸು ತುಂಬುವಷ್ಟು! ಆದರೆ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಅಷ್ಟು ಮಕ್ಕಳು ಕಾಣುವುದಿಲ್ಲ. ಕೆಲವಕ್ಕೆ ಆಪರೇಶನ್ ಆಗಿದೆ ಎಂಬುದು ಸಂತೋಷದ ಮಾತು. ಉಳಿದವು ಮನೆಯೊಳಗಿವೆ, ಸೆರಗಿನೊಳಗಿವೆ. ಕೆಲವು ಹಾಲು ಕುಡಿಯಲಾರದೆ ಮೊದಲ ತಿಂಗಳಲ್ಲೇ ಹೋಗಿಬಿಟ್ಟಿವೆ.

ಈ ಕೊನೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಅಂಗುಳ ಸೀಳಿದ ಕೂಸು ಮೊಲೆ ಚೀಪಲಾರದು. ಚೀಪಲು ಬಾಯಿ ಮುಚ್ಚಿದ ಡಬ್ಬಿಯಂತಿರಬೇಕು, ಮೇಲೆ ತೂತಿದ್ದರೆ ಗಾಳಿ ಸೋರುತ್ತದೆ, ಹಾಲು ಮೂಗಿಗೆ ಬರುತ್ತದೆ. ತಾಯಿಗೆ ಹಾಲಿದ್ದೂ ಕೂಸು ಉಪವಾಸ. ಇದಕ್ಕೆ ಮದ್ದು ಆಸ್ಪತ್ರೆಯ ಯಂತ್ರದಲ್ಲಿಲ್ಲ, ಅಜ್ಜಿಯ ಗೂಡಿನಲ್ಲಿದೆ. ಒಳಲೆ ಎನ್ನಿ, ಒಳ್ಳಿ ಎನ್ನಿ, ಕೂಸಿಗೆ ಹಾಲು ಹಾಕುವ ಆ ಮೂತಿಯ ಬಟ್ಟಲೇ ಸಾಕು. ಹಾಲನ್ನು ಹಿಂಡಿ ತೆಗೆದು, ಕೂಸನ್ನು ಮಲಗಿಸದೆ ತಲೆ ಎತ್ತರ ಹಿಡಿದು ಕೂರಿಸಿ, ಕೆನ್ನೆಯ ಬದಿಗೆ ಚೂರುಚೂರೇ ಹಾಕಬೇಕು, ನಡುನಡುವೆ ತೇಗಿಸಬೇಕು. ಮಕ್ಕಳ ಡಾಕ್ಟರರು ಇಂದಿಗೂ ಇದನ್ನೇ ಹೇಳಿಕೊಡುತ್ತಾರೆ. ಆಪರೇಶನ್‌ಗೆ ಕೂಸು ತೂಕ ಕಟ್ಟಬೇಕು. ಹತ್ತು ವಾರ ವಯಸ್ಸು, ಹತ್ತು ಪೌಂಡು ತೂಕ, ಹತ್ತು ಗ್ರಾಂ ರಕ್ತಾಂಶ ಎಂಬ ಮೂರು ಹತ್ತರ ಹಳೆಯ ಸೂತ್ರ ಸರ್ಜನ್ನರಲ್ಲಿ ಇಂದಿಗೂ ಬಳಕೆಯಲ್ಲಿದೆ. ಹತ್ತು ಪೌಂಡೆಂದರೆ ನಾಲ್ಕೂವರೆ ಕಿಲೋ. ಆ ನಾಲ್ಕೂವರೆ ಕಿಲೋ ಮುಟ್ಟಿಸುವವಳು ತಾಯಿ.

ಇನ್ನು ಆಪರೇಶನ್ನಿನ ಮಾತು. ಪ್ಲಾಸ್ಟಿಕ್ ಸರ್ಜರಿ ಎಂದರೆ ಕೊಡ, ಬಕೆಟಿನ ಪ್ಲಾಸ್ಟಿಕ್ಕನ್ನು ಮುಖಕ್ಕೆ ಅಂಟಿಸುತ್ತಾರೆಂದು ತಿಳಿದವರು ಇನ್ನೂ ಇದ್ದಾರೆ. ಆ ಶಬ್ದ ಗ್ರೀಕ್ ಭಾಷೆಯದು, ಮಣ್ಣು ಮೆದ್ದಿ ರೂಪ ಕೊಡುವುದು ಎಂಬ ಅರ್ಥದ್ದು. ಕುಂಬಾರನ ಕೆಲಸ! ಮತ್ತು ಈ ವಿದ್ಯೆಯನ್ನು ಯುರೋಪಿಗೆ ಕಲಿಸಿದ ಒಂದು ಪ್ರಸಂಗದಲ್ಲಿ ಕತ್ತಿ ಹಿಡಿದವನು ನಿಜವಾಗಿಯೂ ಇಟ್ಟಿಗೆ ಮಾಡುವ ಕುಂಬಾರ ಜಾತಿಯವನೇ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜೀ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ವರ್ಷವೊಂದು ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಕಡೆ ಒಬ್ಬ ಕುಂಬಾರ ಅವನ ಹಣೆಯ ಚರ್ಮವನ್ನೇ ಕತ್ತರಿಸಿ, ಬುಡ ಬಿಡಿಸದೆ ತಿರುಗಿಸಿ ಇಳಿಸಿ, ಹೊಸ ಮೂಗು ಮಾಡಿಕೊಟ್ಟ. ಮೊದಲು ಮೇಣದಲ್ಲಿ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆ ಮಾಡಿ, ಗೆರೆ ಎಳೆದು ಕತ್ತರಿಸಿದ್ದನಂತೆ. ದರ್ಜಿ ಬಟ್ಟೆ ಕತ್ತರಿಸಿದ ಹಾಗೆ. ಇಂಗ್ಲಿಷ್ ಡಾಕ್ಟರರು ನಿಂತು ನೋಡಿದರು. ಲಂಡನ್ನಿನ ಒಂದು ಮಾಸಪತ್ರಿಕೆ 1794ರ ಅಕ್ಟೋಬರಿನಲ್ಲಿ ಚಿತ್ರ ಸಮೇತ ಛಾಪಿಸಿತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ ಸರ್ಜನ್ ವರ್ಷಗಟ್ಟಲೆ ಅಭ್ಯಾಸ ಮಾಡಿ, ಅಲ್ಲಿ ಅದೇ ರೀತಿ ಮೂಗು ಕಟ್ಟಿ, 1816ರಲ್ಲಿ ಪುಸ್ತಕ ಬರೆದ. ಹುಮನಾಬಾದ ಮೇಲಿಂದ ಹೋಗುವ ಪುಣೆ-ಹೈದರಾಬಾದ ಹೆದ್ದಾರಿಯ ಆ ತುದಿಯಲ್ಲಿ ನಡೆದ ಕೆಲಸ ಇದು. ಮೂಗು, ಕಿವಿ ಕಟ್ಟುವ ವಿಧಾನಗಳನ್ನು ಸುಶ್ರುತ ಅದಕ್ಕೂ ಎಷ್ಟೋ ಶತಮಾನ ಮುಂಚೆ ಬರೆದಿಟ್ಟಿದ್ದ. ಹೆಮ್ಮೆಪಡುವುದಕ್ಕೆ ಅಡ್ಡಿಯಿಲ್ಲ, ಆದರೆ ಹೆಮ್ಮೆಯಿಂದ ಕೂಸಿನ ತುಟಿ ಕೂಡುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಮುಖ ಹರಿದು ಬಂದ ಸಿಪಾಯಿಗಳಿಗಾಗಿ ಹೆರಾಲ್ಡ್ ಗಿಲ್ಲೀಸ್ ಇಂಗ್ಲೆಂಡಿನಲ್ಲಿ ಈ ಶಾಸ್ತ್ರವನ್ನು ಬೆಳೆಸಿದರು. ಭಾರತದಲ್ಲಿ 1958ರಲ್ಲಿ ನಾಗಪುರ ಮೆಡಿಕಲ್ ಕಾಲೇಜಿನಲ್ಲಿ ಡಾ. ಸಿ. ಬಾಲಕೃಷ್ಣನ್ ಪ್ಲಾಸ್ಟಿಕ್ ಸರ್ಜರಿಗೆಂದೇ ಸ್ವತಂತ್ರ ವಿಭಾಗ ಕಟ್ಟಿದರು, ಸೀಳು ಅಂಗುಳದ ಕೆಲಸದಲ್ಲಿ ಅವರ ಹೆಸರು ದೊಡ್ಡದು. ತುಟಿಯ ವಿಷಯದಲ್ಲಿ ದೊಡ್ಡ ತಿರುವು 1950ರ ದಶಕದಲ್ಲಿ ಬಂತು. ಅಮೆರಿಕದ ರಾಲ್ಫ್ ಮಿಲ್ಲರ್ಡ್ ಕೊರಿಯಾದಲ್ಲಿ ಕೆಲಸ ಮಾಡುತ್ತ, ಸೀಳಿದ ಅಂಚುಗಳನ್ನು ಎಳೆದು ಹೊಲಿಯುವ ಬದಲು ಒಂದು ಬದಿಯನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಬದಿಯನ್ನು ಮುಂದಕ್ಕೆ ಸರಿಸಿ ಕೂಡಿಸುವ ದಾರಿ ಕಂಡುಕೊಂಡರು. ಗೋಣಿಚೀಲ ಹೊಲಿದ ಹಾಗೆ ತುಟಿ ಹೊಲಿದರೆ ನಗುವಾಗ ಎಳೆದುಕೊಂಡೀತು. ತುಟಿಯ ಸುತ್ತ ಉಂಗುರದಂತಿರುವ ಸ್ನಾಯುವನ್ನು ಮೊದಲು ಒಳಗೆ ಕೂಡಿಸಬೇಕು, ಆಮೇಲೆ ಚರ್ಮ. ಹೀಗೆ ಮಾಡಿದ ತುಟಿಯಲ್ಲಿ ಮೂಗಿನ ಕೆಳಗೆ ಒಂದು ಸಣ್ಣ ಗೆರೆ ಮಾತ್ರ ಉಳಿಯುತ್ತದೆ.

ಮೂರರಿಂದ ಆರು ತಿಂಗಳೊಳಗೆ ತುಟಿ. ಒಂದು ವರ್ಷದ ಆಸುಪಾಸಿನಲ್ಲಿ, ಒಂದೂವರೆ ವರ್ಷ ದಾಟದಂತೆ ಅಂಗುಳ. ಎಂಟರಿಂದ ಹನ್ನೊಂದು ವರ್ಷದ ನಡುವೆ, ಕೋರೆಹಲ್ಲು ಇಳಿಯುವ ಮುಂಚೆ, ಸೊಂಟದ ಎಲುಬಿನ ಚೂರು ತೆಗೆದು ವಸಡಿನ ಸೀಳು ತುಂಬುವುದು. ಬೆಳೆದ ಮೇಲೆ ಬೇಕಾದರೆ ದವಡೆ, ಮೂಗು. ಇದು ಈ ಚಿಕಿತ್ಸೆಯ ಪಂಚಾಂಗ. ಈ ಪಂಚಾಂಗದ ಎರಡನೇ ತಾರೀಖಿನಲ್ಲೇ ಜನ ಕೈಬಿಡುತ್ತಾರೆ. ಈ ಭಾಗದ ನಿಜವಾದ ಸಮಸ್ಯೆ ಅದು.

ತುಟಿ ಎಲ್ಲರಿಗೂ ಕಾಣುತ್ತದೆ, ಅಂಗುಳ ಯಾರಿಗೂ ಕಾಣುವುದಿಲ್ಲ. ತುಟಿ ಕೂಡಿದ ದಿನ ಮನೆಯಲ್ಲಿ ಹಬ್ಬ, ಓಣಿಗೆಲ್ಲ ಪೇಢೆ. ಆರು ತಿಂಗಳ ಮೇಲೆ ಅಂಗುಳದ ಆಪರೇಶನ್‌ಗೆ ಕರೆದರೆ, "ಮುಖ ಸರಿ ಆಯ್ತಲ್ರಿ, ಇನ್ನ ಯಾಕ ಹೋಗಬೇಕು? ಮತ್ತ ಕೂಸಿಗಿ ಕೊಯ್ಸೋದು ಯಾಕ?" ಎನ್ನುತ್ತಾರೆ. ಅಜ್ಜ ಸೇರಿಸುತ್ತಾನೆ, "ಮಾತು ತಾವೇ ಬರ್ತಾವ ಬಿಡು." ಮಾತು ಬರುತ್ತದೆ, ಆದರೆ ಮೂಗಿನಿಂದ ಬರುತ್ತದೆ. ಪ, ಬ, ತ, ದ, ಕ, ಗ ಅನ್ನಬೇಕಾದರೆ ಬಾಯಲ್ಲಿ ಗಾಳಿ ತುಂಬಿ ನಿಲ್ಲಬೇಕು. ಮೇಲೆ ತೂತಿದ್ದರೆ ಆ ಗಾಳಿ ಮೂಗಿಗೆ ಹೋಗಿಬಿಡುತ್ತದೆ. ಬ ಅಂದದ್ದು ಮ ಆಗುತ್ತದೆ, ದ ಅಂದದ್ದು ನ ಆಗುತ್ತದೆ. ಹುಡುಗ ಕಂಡಕ್ಟರನಿಗೆ "ಬೀದರ" ಎಂದು ಹೇಳುತ್ತಾನೆ, ಕಂಡಕ್ಟರನಿಗೆ "ಮೀನರ" ಎಂದು ಕೇಳುತ್ತದೆ. ಬಸ್ಸು ನಗುತ್ತದೆ. ಮುಂದಿನ ಸಲ ಆ ಹುಡುಗ ಬಾಯಿ ತೆರೆಯುವುದಿಲ್ಲ, ಚಿಲ್ಲರೆ ಚಾಚಿ ಬೆರಳಿನಲ್ಲಿ ತೋರಿಸುತ್ತಾನೆ. ಸಾಲೆಯಲ್ಲಿ ಮಾಸ್ತರರು ಪಾಠ ಓದಲು ಎಬ್ಬಿಸುವುದಿಲ್ಲ, ದಡ್ಡನೆಂದು ಹಿಂದಿನ ಸಾಲಿಗೆ ಹಾಕುತ್ತಾರೆ. ಬುದ್ಧಿಗೂ ಅಂಗುಳಕ್ಕೂ ಏನು ಸಂಬಂಧ? ಅಂಗುಳದ ಸೀಳಿದ್ದ ಮಕ್ಕಳಿಗೆ ಕಿವಿಯ ಒಳಗೆ ನೀರು ಕಟ್ಟಿ ಕೇಳಿಸುವುದೂ ಮಂದವಾಗುವುದುಂಟು. ಹಿಂದಿನ ಸಾಲಿನಲ್ಲಿ ಕೂತರೆ ಇನ್ನಷ್ಟು ಮಂದ.

ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿರುವ ಮಕ್ಕಳ ಪಾಡಂತೂ ಇನ್ನೂ ಕಷ್ಟ. ಇವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೊರಗೆ ಚಂದದ ಮುಖ, ಯಾರಿಗೂ ಅನುಮಾನ ಬರದು. ಹೆರಿಗೆಯಾದ ಕೂಡಲೇ ಬ್ಯಾಟರಿ ಹಚ್ಚಿ ಬಾಯೊಳಗೆ ಒಮ್ಮೆ ನೋಡಿದರೆ ಗೊತ್ತಾಗುವ ಸಂಗತಿ, ನೋಡದೆ ಬಿಟ್ಟರೆ ಹುಡುಗಿ ಮಾತಾಡುವ ವಯಸ್ಸಿಗೆ ಗೊತ್ತಾಗುತ್ತದೆ.

ಆಪರೇಶನ್ ಆದ ತಕ್ಷಣ ಮಾತು ತಾನಾಗಿ ತಿದ್ದಿಕೊಳ್ಳುತ್ತದೆಂದೂ ಅಲ್ಲ. ಎಷ್ಟೋ ಮಕ್ಕಳಿಗೆ ತಿಂಗಳುಗಟ್ಟಲೆ ಮಾತಿನ ತರಬೇತಿ ಬೇಕು. ಕನ್ನಡಿಯ ಮುಂದೆ ಕೂತು, ಮೂಗಿನ ಕೆಳಗೆ ಹತ್ತಿ ಹಿಡಿದು, ಗಾಳಿ ಬಾಯಿಂದ ಬರುತ್ತದೋ ಮೂಗಿನಿಂದಲೋ ನೋಡುತ್ತ ಪ, ಬ ತಿದ್ದಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಘಟಕವಿದೆ. ದೇಶಕ್ಕೇ ಹೆಸರಾದ ಸಂಸ್ಥೆ. ಆದರೆ ಹಳ್ಳಿಖೇಡದಿಂದ ಮೈಸೂರೆಂದರೆ ರಾಜ್ಯದ ಆ ತುದಿಯಿಂದ ಈ ತುದಿ. ದೂರದಿಂದಲೇ ವಿಡಿಯೋ ಮೂಲಕ ತರಬೇತಿ ಕೊಡುವ ವ್ಯವಸ್ಥೆಯನ್ನೂ ಆ ಸಂಸ್ಥೆ ಮಾಡಿಕೊಂಡಿದೆ. ಅದನ್ನು ಇಲ್ಲಿಯವರು ಬಳಸಿಕೊಳ್ಳಲು ಯಾರಾದರೂ ಒಬ್ಬರು ಈ ಊರಲ್ಲಿ ಕೂತು ಫೋನು ಹಚ್ಚಿಕೊಡಬೇಕಷ್ಟೆ.

ಜನ ಎರಡನೇ ಸಲ ಯಾಕೆ ಹೋಗುವುದಿಲ್ಲ? ಅಜ್ಞಾನವೊಂದನ್ನೇ ದೂರಿದರೆ ಅನ್ಯಾಯವಾದೀತು. ಆಪರೇಶನ್ ಪುಕ್ಕಟೆ, ನಿಜ. ಹೈದರಾಬಾದಿನಲ್ಲಿ ಸೀಳುತುಟಿಗೆಂದೇ ಹೆಸರಾದ ಜಿ.ಎಸ್.ಆರ್. ಸಂಸ್ಥೆಯಿದೆ. ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜಿನಲ್ಲಿ, ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗಗಳಿವೆ. ಸ್ಮೈಲ್ ಟ್ರೇನ್ ಎಂಬ ಸಂಸ್ಥೆ 2000ದಿಂದ ದೇಶದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಆಪರೇಶನ್‌ಗಳಿಗೆ ನೆರವಾಗಿದೆ. ಅದೂ ಹೊರದೇಶದ ಡಾಕ್ಟರರನ್ನು ವಿಮಾನದಲ್ಲಿ ಇಳಿಸಿ ಅಲ್ಲ, ಇಲ್ಲಿಯ ಡಾಕ್ಟರರಿಂದಲೇ. 2009ರಲ್ಲಿ ಆಸ್ಕರ್ ಗೆದ್ದ ಸಾಕ್ಷ್ಯಚಿತ್ರದ ಪಿಂಕಿ ಮಿರ್ಜಾಪುರ ಜಿಲ್ಲೆಯ ಬಡವರ ಮನೆಯ ಹುಡುಗಿ, ವಾರಾಣಸಿಯಲ್ಲಿ ಇಂಥದೇ ಆಪರೇಶನ್ ಆದವಳು. 2013ರ ವಿಂಬಲ್ಡನ್ ಫೈನಲ್ಲಿನಲ್ಲಿ ನಾಣ್ಯ ಚಿಮ್ಮಿದವಳೂ ಅವಳೇ. ಸರಕಾರದ ಕಡೆಯಿಂದ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಎರಡೂ ಇವೆ, ಆಯುಷ್ಮಾನ್ ಕಾರ್ಡಿನ ಚಿಕಿತ್ಸೆಗಳಲ್ಲೂ ಇವೆ.

ಪುಕ್ಕಟೆ ಇಲ್ಲದ್ದು ಉಳಿದದ್ದೆಲ್ಲ. ಗಂಡ ಹೆಂಡತಿ ಇಬ್ಬರ ಕೂಲಿ ಹೋಗುತ್ತದೆ. ಇನ್ನೆರಡು ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡಬೇಕು. ತೊಗರಿ ರಾಶಿಯ ಕಾಲವೋ ಕಬ್ಬು ಕಡಿಯುವ ಕಾಲವೋ ಆಗಿದ್ದರೆ ಕೇಳುವುದೇ ಬೇಡ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಮೇಲೆ ತಾಯಿ ಕಲಬುರಗಿಗೆ ಸಾದಾ ಬಸ್ಸಿನಲ್ಲಿ ಪುಕ್ಕಟೆ ಹೋಗಿಬರಬಹುದು. ಆದರೆ ಆಪರೇಶನ್ ಇರುವುದು ಹೈದರಾಬಾದಿನಲ್ಲಿ, ರಾಜ್ಯದ ಗಡಿ ದಾಟುವ ಬಸ್ಸಿಗೆ ಆ ಯೋಜನೆ ಇಲ್ಲ. ಜಹೀರಾಬಾದ, ಸಂಗಾರೆಡ್ಡಿ ದಾಟುವಷ್ಟರಲ್ಲಿ ಟಿಕೆಟ್ಟಿನ ಖರ್ಚು ಎಣಿಸಿಕೊಂಡೇ ಕೂತಿರಬೇಕು. ಮೊದಲ ಸಲ ಹೇಗೋ ಸಾಲ ಮಾಡಿ ಹೋಗುತ್ತಾರೆ, ಮುಖದ ಪ್ರಶ್ನೆ. ಎರಡನೇ ಸಲ ಸಾಲ ಹುಟ್ಟುವುದಿಲ್ಲ.

ತಡಮಾಡಿದರೇನು ನಷ್ಟ ಎಂಬುದಕ್ಕೆ 2023ರ ಆಗಸ್ಟ್‌ನಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ಕಣ್ಣು ತೆರೆಸುವಂತಿದೆ. ಯುರೋಪ್, ದಕ್ಷಿಣ ಅಮೆರಿಕದ 23 ಆಸ್ಪತ್ರೆಗಳಲ್ಲಿ ಅಂಗುಳ ಸೀಳಿದ್ದ 558 ಕೂಸುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆರನೇ ತಿಂಗಳಿಗೆ, ಇನ್ನೊಂದಕ್ಕೆ ಹನ್ನೆರಡನೇ ತಿಂಗಳಿಗೆ ಆಪರೇಶನ್ ಮಾಡಿದರು. ಐದು ವರ್ಷ ವಯಸ್ಸಾದಾಗ ಮಾತು ಪರೀಕ್ಷಿಸಿದರು. ಅಂಗುಳ ಸರಿಯಾಗಿ ಮುಚ್ಚದೆ ಮೂಗಿಗೆ ಗಾಳಿ ಸೋರುವ ತೊಂದರೆ ಆರು ತಿಂಗಳಿಗೆ ಮಾಡಿದವರಲ್ಲಿ ನೂರಕ್ಕೆ 9, ಹನ್ನೆರಡು ತಿಂಗಳಿಗೆ ಮಾಡಿದವರಲ್ಲಿ ನೂರಕ್ಕೆ 15. ಅಷ್ಟು ಸಣ್ಣ ಕೂಸಿಗೆ ಅರಿವಳಿಕೆ ಕೊಡಲು ತಕ್ಕ ಡಾಕ್ಟರರು, ಸಲಕರಣೆ ಬೇಕು, ಕೂಸೂ ಪುಷ್ಟಿಯಾಗಿರಬೇಕು ಎಂಬುದು ಬೇರೆ ಮಾತು. ಆರು ತಿಂಗಳ ಅಂತರಕ್ಕೇ ಇಷ್ಟು ಫರಕು ಬೀಳುವಲ್ಲಿ, ಆರೇಳು ವರ್ಷ ತಡಮಾಡಿದ ಮಗುವಿನ ಮಾತಿನ ಗತಿ ಏನಾದೀತು? ದೊಡ್ಡವರಾದ ಮೇಲೂ ತುಟಿ ಕೂಡಿಸಬಹುದು, ಚಂದವಾಗಿಯೇ ಕೂಡುತ್ತದೆ. ಅಂಗುಳ ಮುಚ್ಚಿದರೆ ಅನ್ನ, ನೀರು ಮೂಗಿಗೆ ಬರುವುದು ನಿಲ್ಲುತ್ತದೆ. ಆದರೆ ನಾಲಿಗೆ ತಪ್ಪಾಗಿ ಕಲಿತದ್ದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆಗಬೇಕಾದ್ದು ಕೋಟಿಗಟ್ಟಲೆಯ ಕೆಲಸವಲ್ಲ. ಬಾಲ ಸ್ವಾಸ್ಥ್ಯ ಯೋಜನೆಯ ಪ್ರಕಾರ ಪ್ರತಿ ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರದ ಸಿಬ್ಬಂದಿಯಲ್ಲಿ ಮಾತು ಮತ್ತು ಶ್ರವಣದ ತಜ್ಞರ ಹುದ್ದೆಗೆ ಜಾಗವಿದೆ. ಆ ತಜ್ಞರು ತಿಂಗಳಿಗೊಂದು ದಿನ ಹುಮನಾಬಾದ ತಾಲೂಕು ಆಸ್ಪತ್ರೆಯಲ್ಲಿ, ಇನ್ನೊಂದು ದಿನ ಬಸವಕಲ್ಯಾಣದಲ್ಲಿ ಕೂರುವಂತಾಗಬೇಕು. ಆ ದಿನವನ್ನು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು, ಕನ್ನಡ, ಉರ್ದು, ಮರಾಠಿ ಮೂರರಲ್ಲೂ. ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ ತಪಾಸಣಾ ತಂಡ ಪಟ್ಟಿಯಲ್ಲಿ "ಸೀಳುತುಟಿ, ಆಪರೇಶನ್ ಆಗಿದೆ" ಎಂದು ಗೆರೆ ಎಳೆದು ಮುಂದೆ ಹೋಗದೆ, ಬಾಯಿ ತೆರೆಸಿ ಅಂಗುಳ ನೋಡಬೇಕು. ಹೆರಿಗೆ ಮಾಡಿಸಿದ ನರ್ಸಮ್ಮ ತಾಯಿ ಕಾರ್ಡಿನಲ್ಲಿ ಅದನ್ನು ಬರೆಯಬೇಕು. ಕೂಸಿನ ಜೊತೆ ಹೋಗುವ ಇಬ್ಬರ ಬಸ್ ಖರ್ಚನ್ನು ಊರಿನ ವ್ಯಾಪಾರಸ್ಥರು ಎತ್ತಿಕೊಂಡರೆ ಗಲ್ಲಾ ಪೆಟ್ಟಿಗೆಗೆ ಗೊತ್ತೂ ಆಗದು. ಜಾತ್ರೆಯ ಪಟ್ಟಿ ಎತ್ತುವ ಊರಿಗೆ ವರ್ಷಕ್ಕೆ ಒಂದೆರಡು ಕೂಸಿನ ಟಿಕೆಟ್ಟು ಭಾರವೇ? ಹಳ್ಳಿಖೇಡದ ಮುಂದಿನ ಆ (ಬಿ) ಬುಜುರ್ಗ, ಅಂದರೆ ಹಿರಿಯ ಊರೆಂಬ ಗುರುತು. ಹಿರಿಯರು ಮನೆಯ ಕೂಸಿನ ಖರ್ಚು ನೋಡಿಕೊಳ್ಳುವುದು ವಾಡಿಕೆ. ವಾರ, ತಿಥಿ, ನಕ್ಷತ್ರ ನೋಡುವುದನ್ನು ಶರಣರು ಬಿಡಿಸಲು ಹೊರಟ ಕಲ್ಯಾಣವೂ ಇದೇ ಸೀಮೆಯಲ್ಲಿದೆ.

ತುಟಿಯ ಆಪರೇಶನ್ ಮಾಡಿಸಿಕೊಂಡು ಬಂದ ಮನೆಯವರು ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನು ರೇಶನ್ ಕಾರ್ಡಿನ ಜೊತೆ ಇಟ್ಟಿರುತ್ತಾರೆ. ಅದನ್ನು ಇವತ್ತು ರಾತ್ರಿ ತೆಗೆದು ಕೆಳಗಿನ ಸಾಲು ಓದಿಸಲಿ. ಮುಂದೆ ಯಾವಾಗ ಬರಬೇಕೆಂದು ಅಲ್ಲಿ ಬರೆದಿರುತ್ತದೆ. ತಾರೀಖು ದಾಟಿದ್ದರೂ ಹೋಗಬಹುದು, ವಾಪಸು ಕಳಿಸುವುದಿಲ್ಲ.